ಅನುಮಾನ ಇದ್ದರೆ ಪ್ರಮಾಣ ಬೇಕಲ್ಲವೇ ಮಾವ?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ತಂಗಿಯ ಮಗಳು ಫೋನ್ ಮಾಡಿದಳು. ಪದವಿಯಲ್ಲಿ ತತ್ತ್ವಶಾಸ್ತ್ರವನ್ನೂ ಒಂದು ವಿಷಯವಾಗಿ ಓದುತ್ತಿದ್ದಾಳೆ. ಮರುದಿನ ಕಿರುಪರೀಕ್ಷೆ. "ಮಾವ, ಅನುಮಾನವೂ ಒಂದು ಪ್ರಮಾಣ ಎಂದು ನೋಟ್ಸಿನಲ್ಲಿದೆ. ಅನುಮಾನ ಬಂದಾಗ ತಾನೇ ಪ್ರಮಾಣ ಬೇಕಾಗುವುದು? ಅನುಮಾನವೇ ಪ್ರಮಾಣವಾಗುವುದು ಹೇಗೆ?"

ನನಗೆ ನಗು ಬಂತು. ಅವಳು ನಗಲಿಲ್ಲ. ಫೋನ್ ಇಟ್ಟ ಮೇಲೆ ಯೋಚಿಸಿದರೆ, ದಡ್ಡತನ ಅವಳದಲ್ಲ ಅನ್ನಿಸಿತು. ಕನ್ನಡವನ್ನು ಕನ್ನಡವೆಂದೇ ಓದಿದವರಿಗೆ ಬರಲೇಬೇಕಾದ ಪ್ರಶ್ನೆ ಅದು. ನಾನು ತರ್ಕದ ಪಾಠಕ್ಕೆ ಕುಳಿತದ್ದು ನಿವೃತ್ತಿಯ ನಂತರ. ವಾರಕ್ಕೆರಡು ದಿನ ಹಿರಿಯ ಪಂಡಿತರೊಬ್ಬರ ಮನೆಯ ಜಗಲಿಯಲ್ಲಿ ಅನ್ನಂಭಟ್ಟನ 'ತರ್ಕಸಂಗ್ರಹ'. ಹದಿನೇಳನೆಯ ಶತಮಾನದ ಈ ಪುಟ್ಟ ಪುಸ್ತಕವನ್ನು 'ಬಾಲಾನಾಂ ಸುಖಬೋಧಾಯ', ಎಂದರೆ ಮಕ್ಕಳಿಗೆ ಸುಖವಾಗಿ ತಿಳಿಯಲಿ ಎಂದು ಬರೆಯುತ್ತಿದ್ದೇನೆ ಎಂದು ಅವನೇ ಮೊದಲ ಶ್ಲೋಕದಲ್ಲಿ ಹೇಳಿಕೊಂಡಿದ್ದಾನೆ. ಅರವತ್ತು ದಾಟಿದ ಬಾಲಕನಾದ ನನಗೆ ಸುಖವೇನೂ ಕಾಣಲಿಲ್ಲ. ಸೊಸೆಯ ಪ್ರಶ್ನೆ ಮೊದಲ ತಿಂಗಳು ನನ್ನ ತಲೆಯಲ್ಲೂ ಇತ್ತು. ಕೇಳಲು ನಾಚಿಕೆಯಾಗಿ ಸುಮ್ಮನಿದ್ದೆ, ಅಷ್ಟೇ.

ಅವಳ ನೋಟ್ಸಿನ ವಾಕ್ಯ ಹೀಗಿತ್ತು: "ಪ್ರತ್ಯಕ್ಷ, ಅನುಮಾನ, ಉಪಮಾನ ಹಾಗೂ ಶಬ್ದಗಳು ನೈಯಾಯಿಕರ ಪ್ರಕಾರ ಪ್ರಮಾಣಗಳು." (ನೈಯಾಯಿಕರೆಂದರೆ 'ನ್ಯಾಯ' ಎಂಬ ಹಳೆಯ ತರ್ಕದರ್ಶನದವರು.) ಇದರಲ್ಲಿ ಕನ್ನಡ ಯಾವುದು? 'ಹಾಗೂ' ಒಂದು, ಕೊನೆಗೆ ಅಂಟಿಸಿದ 'ಗಳು' ಇನ್ನೊಂದು. ಉಳಿದ ಪದಗಳೂ ಕನ್ನಡದಲ್ಲಿ ಇಲ್ಲವೆಂದಲ್ಲ, ಇವೆ. ತೊಂದರೆ ಇರುವುದೇ ಅಲ್ಲಿ. ಪ್ರತ್ಯಕ್ಷವಾಗುವುದು ಪೌರಾಣಿಕ ನಾಟಕದ ದೇವರು, ಇಲ್ಲವೇ ಸಾಲ ಕೊಟ್ಟವನು. ಅನುಮಾನ ಗಂಡನಿಗೆ ಹೆಂಡತಿಯ ಮೇಲೆ, ಮಾಲೀಕನಿಗೆ ಆಳಿನ ಮೇಲೆ. ಉಪಮಾನವನ್ನು ಹೈಸ್ಕೂಲಿನ ಅಲಂಕಾರದ ಪಾಠದೊಡನೆ ಬಿಟ್ಟುಬಂದಿದ್ದೇವೆ. ಶಬ್ದ ಎಂದರೆ ಗಲಾಟೆ. ಪ್ರಮಾಣ ಎಂದರೆ ಸಾರಿಗೆ ಹಾಕುವ ಉಪ್ಪಿನ ಅಳತೆ, ಅಥವಾ ಧರ್ಮಸ್ಥಳಕ್ಕೆ ಬಾ ಎಂದು ರಾಜಕಾರಣಿಗಳು ಒಬ್ಬರನ್ನೊಬ್ಬರು ಕರೆಯುವ ಆಣೆ-ಪ್ರಮಾಣ. ಹಾಗಾದರೆ ಆ ವಾಕ್ಯ ಕನ್ನಡದ ಕಿವಿಗೆ ಏನು ಹೇಳಿತು?

ಶಾಸ್ತ್ರದಲ್ಲಿ ಪ್ರಮಾಣ ಎಂದರೆ ಸರಿಯಾದ ತಿಳಿವು ಹುಟ್ಟುವ ದಾರಿ. ಅಂಥ ದಾರಿಗಳು ಎಷ್ಟು ಎಂಬುದರ ಮೇಲೆ ದರ್ಶನಗಳು, ಎಂದರೆ ತತ್ತ್ವಶಾಸ್ತ್ರದ ಹಳೆಯ ಪಂಥಗಳು, ಶತಮಾನಗಟ್ಟಲೆ ಜಗಳವಾಡಿವೆ. ಚಾರ್ವಾಕರಿಗೆ ಒಂದೇ ಸಾಕು, ಪ್ರತ್ಯಕ್ಷ. ವೈಶೇಷಿಕರಿಗೂ ಬೌದ್ಧರಿಗೂ ಎರಡು, ಸಾಂಖ್ಯರಿಗೂ ಮಧ್ವರಿಗೂ ಮೂರು, ನೈಯಾಯಿಕರಿಗೆ ನಾಲ್ಕು, ಭಾಟ್ಟ ಮೀಮಾಂಸಕರಿಗೂ ಅದ್ವೈತಿಗಳಿಗೂ ಆರು. ಇದರಲ್ಲಿ ಅನುಮಾನ ಎಂದರೆ ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವುದು. ಕನ್ನಡದ ಅನುಮಾನದಲ್ಲಿ ಇಲ್ಲದೇ ಇರುವುದು ಖಚಿತತೆ. ಶಾಸ್ತ್ರದವರು ನಮ್ಮ ಅನುಮಾನಕ್ಕೆ ಬೇರೆಯೇ ಹೆಸರಿಟ್ಟಿದ್ದಾರೆ: ಸಂಶಯ. ಕತ್ತಲಲ್ಲಿ ನಿಂತದ್ದು ಕಂಬವೋ ಮನುಷ್ಯನೋ ಎಂಬ ತೂಗಾಟ ಅದು. ನಾವು ಎರಡನ್ನೂ ಒಂದೇ ಡಬ್ಬಿಗೆ ಸುರಿದುಕೊಂಡಿದ್ದೇವೆ.

ಅನುಮಾನಕ್ಕೆ ತರ್ಕದ ಪುಸ್ತಕಗಳು ಕೊಡುವ ಉದಾಹರಣೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಒಂದೇ. ಬೆಟ್ಟದ ಮೇಲೆ ಬೆಂಕಿ ಇದೆ. ಏಕೆ? ಹೊಗೆ ಕಾಣುತ್ತಿದೆ (ಈ ಕಾರಣಕ್ಕೆ ಶಾಸ್ತ್ರದ ಹೆಸರು 'ಹೇತು'). ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. 'ಯಥಾ ಮಹಾನಸೇ' ಎಂದು ಗುರುಗಳು ಓದಿದಾಗ ನನಗೆ ಕಣ್ಣುರಿ ನೆನಪಾಯಿತು. ಪುತ್ತೂರಿನ ಕಡೆಯ ನಮ್ಮ ಮನೆಯಲ್ಲಿ ಆಟಿ ತಿಂಗಳ ಮಳೆಗೆ ಅಟ್ಟದ ಮೇಲಿಟ್ಟ ಕಟ್ಟಿಗೆಯೂ ಹಸಿಯಾಗುತ್ತಿತ್ತು. ಅಜ್ಜಿ ಊದುಗೊಳವೆ ಹಿಡಿದು ಬಗ್ಗಿದರೆ ಅವರ ತಲೆ ಹೊಗೆಯೊಳಗೆ ಮಾಯವಾಗಿ ಕೆಮ್ಮು ಮಾತ್ರ ಕೇಳುತ್ತಿತ್ತು. ಬಿಸಿಲುಗಾಲದಲ್ಲಿ ಒಣಗಿದ ಗೆರಟೆ ಇಟ್ಟರೆ ಅದೇ ಒಲೆಯಲ್ಲಿ ಹೊಗೆ ನಾಲ್ಕಾಣೆ, ಉರಿ ಹನ್ನೆರಡಾಣೆ.

ಇದು ಹಳೆಯ ನೆನಪಿನ ಚಪಲದಿಂದ ಬರೆದದ್ದಲ್ಲ. ತರ್ಕದ ಅತ್ಯಂತ ಸೂಕ್ಷ್ಮ ಪಾಠ ಆ ಹಸಿ ಕಟ್ಟಿಗೆಯಲ್ಲೇ ಇದೆ. ಹೊಗೆಯಿಂದ ಬೆಂಕಿಯನ್ನು ತಿಳಿಯಬಹುದು, ಆದರೆ ಬೆಂಕಿಯಿಂದ ಹೊಗೆಯನ್ನು ತಿಳಿಯಲಾಗದು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ (ಪುಸ್ತಕದ ಸಂಸ್ಕೃತದಲ್ಲಿ 'ಅಯೋಗೋಲಕ') ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆ ಸೇರಬೇಕು. ಎಲ್ಲರ ಕಣ್ಣು ತಪ್ಪಿಸಿ ನಡುವೆ ಕುಳಿತಿರುವ ಇಂಥ ಷರತ್ತಿಗೆ ಶಾಸ್ತ್ರದ ಹೆಸರು 'ಉಪಾಧಿ'. ಹೊಗೆ ಮತ್ತು ಬೆಂಕಿಯ ತಪ್ಪದ ನಂಟಿಗೆ ಹೆಸರು 'ವ್ಯಾಪ್ತಿ'. (ಕನ್ನಡದಲ್ಲಿ ವ್ಯಾಪ್ತಿ ಇರುವುದು ಪೊಲೀಸ್ ಠಾಣೆಗಳಿಗೆ.) ನಂಟು ಒಂದು ಕಡೆ ತಪ್ಪಿದರೂ ಅದು 'ವ್ಯಭಿಚಾರ'. ಈ ಪದ ಬಂದ ದಿನ ಜಗಲಿಯಲ್ಲಿದ್ದ ನಾಲ್ವರು ಮುದುಕರೂ ಶಾಲೆಯ ಹುಡುಗರ ಹಾಗೆ ನೆಲ ನೋಡಿದೆವು. ಗುರುಗಳು ಕನ್ನಡಕ ಏರಿಸಿ, "ಹೇತುವಿನದ್ದು, ಹೆಂಗಸಿನದ್ದಲ್ಲ" ಎಂದರು.

ಇನ್ನೂ ಒಂದಿದೆ. ಬೆಟ್ಟದ ಮೇಲಿರುವುದು ಹೊಗೆಯೇ ಹೌದೋ, ಮಂಜೋ? ದೂರದಿಂದ ಮಂಜನ್ನು ಹೊಗೆ ಎಂದುಕೊಂಡವನ ಅನುಮಾನ ಮುರಿದುಬೀಳುತ್ತದೆ ಎಂದು ಹಳಬರು ಎಚ್ಚರಿಸಿದ್ದಾರೆ. ಘಟ್ಟದ ಬುಡದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಮಳೆ ಬಿಟ್ಟ ಗಳಿಗೆಯಲ್ಲಿ ಕಾಡೆಲ್ಲ ಹೊಗೆಯಾಡುತ್ತದೆ, ಬೆಂಕಿ ಎಲ್ಲೂ ಇಲ್ಲ.

ಈಗ ಇದೇ ಹೊಗೆ-ಬೆಂಕಿ ಕನ್ನಡದಲ್ಲಿ ಏನಾಗಿದೆ ನೋಡಿ. "ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ?" ಈ ಗಾದೆಯನ್ನು ನಾವು ಬಳಸುವುದು ಪಕ್ಕದ ಮನೆಯ ಹುಡುಗಿಯ ಬಗ್ಗೆ. ಹೊಗೆ ಹೌದೋ ಅಲ್ಲವೋ ಎಂದು ಯಾರೂ ನೋಡಲಿಲ್ಲ, ವ್ಯಾಪ್ತಿ ಪರೀಕ್ಷಿಸಲಿಲ್ಲ, ನಿಗಮನ, ಎಂದರೆ ಕೊನೆಯ ತೀರ್ಮಾನ, ಮಾತ್ರ ಊರೆಲ್ಲ ಹರಡಿತು. ಅನುಮಾನ ಎಂಬ ಪದ ನಮ್ಮಲ್ಲಿ ಶಂಕೆಗೆ ಇಳಿದದ್ದು ಈ ದಾರಿಯಿಂದಲೇ ಇರಬೇಕೆಂದು ನನ್ನ ಅನುಮಾನ. ಕನ್ನಡದ ಅರ್ಥದಲ್ಲಿ.

ಎಲ್ಲ ಪದಗಳ ಕಥೆಯೂ ಹೀಗೆ ಕಹಿಯಲ್ಲ. ವೈಶೇಷಿಕರು ಜಗತ್ತನ್ನೆಲ್ಲ ಏಳು ಪದಾರ್ಥಗಳಲ್ಲಿ ಅಡಗಿಸಿದರು: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ. ದಕ್ಷಿಣ ಕನ್ನಡದಲ್ಲಿ ಪದಾರ್ಥ ಎಂದರೆ ಅನ್ನಕ್ಕೆ ಕಲಸಿಕೊಳ್ಳುವ ಮೇಲೋಗರ. ಅಮ್ಮ ಇವತ್ತಿಗೂ ಫೋನಿನಲ್ಲಿ ಮೊದಲು ಕೇಳುವುದು "ಏನು ವಿಶೇಷ?", ಎರಡನೆಯದು "ಊಟಕ್ಕೆ ಏನು ಪದಾರ್ಥ?" ಒಂದು ಪರಮಾಣುವನ್ನು ಇನ್ನೊಂದರಿಂದ ಬೇರೆಯಾಗಿ ನಿಲ್ಲಿಸುವ ಗುಟ್ಟಿಗೆ ಆ ಜನ ವಿಶೇಷ ಎಂದು ಹೆಸರಿಟ್ಟರು, ಅವರ ದರ್ಶನಕ್ಕೆ ಆ ಹೆಸರೇ ನಿಂತಿತು. ನಮ್ಮಲ್ಲಿ ಹೊಸದಾಗಿ ಮದುವೆಯಾದವಳನ್ನು ನೆಂಟರು "ಏನಾದರೂ ವಿಶೇಷ ಇದೆಯಾ?" ಎಂದು ಕೇಳಿ ಮುಜುಗರ ಮಾಡುತ್ತಾರೆ. ಜ್ವರ ಬಿಟ್ಟರೆ ಗುಣ, ಕೆಲಸ ಕೆಟ್ಟರೆ ಕರ್ಮ, ನಲ್ಲಿ ಬತ್ತಿದರೆ ನೀರಿನ ಅಭಾವ. ಬಿಡಿಸಲಾಗದ ನಂಟು ಎಂಬ ಅರ್ಥದ ಸಮವಾಯ ಒಂದಕ್ಕೆ ಮಾತ್ರ ನಮ್ಮ ಅಡುಗೆಮನೆಯಲ್ಲಿ ಕೆಲಸ ಸಿಗಲಿಲ್ಲ.

ಇಷ್ಟು ಬರೆದರೆ ಒಂದು ಗುಂಪು ಖುಷಿಯಾಗುತ್ತದೆ ಎಂದು ಗೊತ್ತು. "ನೋಡಿ, ಕನ್ನಡಿಗರು ಸಂಸ್ಕೃತ ಪದಗಳನ್ನು ಎಷ್ಟು ಕೆಡಿಸಿದ್ದಾರೆ, ಇನ್ನು ಮೇಲೆ ಸರಿಯಾಗಿ ಬಳಸೋಣ" ಎನ್ನುವವರು. ನಾನು ಆ ಗುಂಪಿನವನಲ್ಲ. ಅವರಿಗೆ ಒಂದೇ ಪದ ತೋರಿಸುತ್ತೇನೆ: ಛಲ. ನ್ಯಾಯಶಾಸ್ತ್ರದಲ್ಲಿ ಛಲ ಎಂದರೆ ಎದುರಾಳಿಯ ಮಾತನ್ನು ತಿರುಚಿ ಗೆಲ್ಲುವ ಕುಟಿಲತೆ. 'ನವಕಂಬಲ' ಎಂದರೆ ಅವನು ಹೇಳಿದ್ದು ಹೊಸ ಕಂಬಳಿ ಎಂದು. ನೀವು "ಒಂಬತ್ತೆಲ್ಲಿವೆ, ಇರುವುದೊಂದೇ" ಎಂದು ಎದ್ದು ನಿಂತರೆ ಅದು ಛಲ. (ಇಲ್ಲಿ ಕಮೆಂಟು ಹಾಕುವವರಲ್ಲಿ ಈ ವಿದ್ಯೆ ಬಲ್ಲವರು ಬಹಳ.) ಕನ್ನಡದಲ್ಲಿ ಛಲ ಎಂದರೆ ಹಿಡಿದದ್ದನ್ನು ಬಿಡದ ಗಟ್ಟಿತನ. ಈ ತಿರುವು ನಿನ್ನೆ ಮೊನ್ನೆಯದಲ್ಲ. 941ರ ಸುಮಾರಿಗೆ ಪಂಪ 'ಚಲದೊಳ್ ದುರ್ಯೋಧನಂ' ಎಂದು ಬರೆದಾಗ ಹೊಗಳಿದ್ದು ಕುಟಿಲತೆಯನ್ನಲ್ಲ. ಪಂಪನಿಗೆ ಸಂಸ್ಕೃತ ಬರುತ್ತಿರಲಿಲ್ಲ ಎನ್ನುವ ಧೈರ್ಯ ಯಾರಿಗಿದೆಯೋ ಅವರು ಮುಂದೆ ಬರಲಿ.

ಅನುಭಾವವೂ ಹಾಗೆಯೇ. ನಾಟ್ಯಶಾಸ್ತ್ರದಲ್ಲಿ ಅದು ಒಳಗಿನ ಭಾವವನ್ನು ಹೊರಗೆ ತೋರಿಸುವ ಕಣ್ಣಿನ ನೋಟ, ಅಂಗಾಂಗಗಳ ಚಲನೆ. ವಚನಕಾರರ ಬಾಯಲ್ಲಿ ಅದು ನೇರ ಒಳಗಿನ ಅರಿವೇ ಆಯಿತು. ಇಂಥ ಕಡೆ ಪದ ಕೆಟ್ಟಿತು ಎನ್ನುವುದು ಶುದ್ಧ ಅಹಂಕಾರ. ಹನ್ನೆರಡನೆಯ ಶತಮಾನದ ಆ ಜನ ಅಷ್ಟಕ್ಕೇ ನಿಲ್ಲಲಿಲ್ಲ. ಅರಿವು, ಕುರುಹು, ಬಯಲು, ನಿಲವು ಎಂಬ ಹಳ್ಳಿಯ ಪದಗಳನ್ನೇ ಎತ್ತಿಕೊಂಡು ಅವುಗಳ ಹೆಗಲ ಮೇಲೆ ಇಡೀ ಒಂದು ದರ್ಶನವನ್ನು ಹೊರಿಸಿದರು. ಅಲ್ಲಮನ 'ಬಯಲು' ಓದುವವನಿಗೆ ಮೊದಲು ಹೊಲದಾಚೆಯ ಬಯಲೇ ಕಾಣುತ್ತದೆ, ಕಾಣಬೇಕು ಕೂಡ.

ನನ್ನ ತಕರಾರು ಇರುವುದು ತತ್ತ್ವಶಾಸ್ತ್ರವನ್ನು ಕನ್ನಡಕ್ಕೆ ತರುತ್ತೇವೆಂದು ಹೊರಟವರ ಮೇಲೆ. ಮೂಲದ ಪದವನ್ನು ಇದ್ದ ಹಾಗೆಯೇ ಎತ್ತಿಟ್ಟು, ವಿಭಕ್ತಿ ಪ್ರತ್ಯಯ ಹಚ್ಚಿ, ಅನುವಾದವಾಯಿತು ಎಂದು ಕೈ ತೊಳೆದುಕೊಳ್ಳುವ ಸೋಮಾರಿತನದ ಮೇಲೆ. ಪೂರಾ ಅಪರಿಚಿತ ಪದವಾದರೆ ಓದುವವನು ಅರ್ಥಕೋಶವನ್ನಾದರೂ ತೆಗೆಯುತ್ತಾನೆ. ಅನುಮಾನದಂಥ ಪದ ಪರಿಚಿತನ ಮುಖ ಹಾಕಿಕೊಂಡು ಬಂದು ಮೋಸ ಮಾಡುತ್ತದೆ. ಪಾರಿಭಾಷಿಕ ಪದ ಉಳಿಯಲಿ, ಉಳಿಯಲೇಬೇಕು. ಇಲ್ಲವಾದರೆ ಒಬ್ಬೊಬ್ಬ ಲೇಖಕನಿಗೂ ಒಂದೊಂದು ತರ್ಕವಾದೀತು. ಆದರೆ "ಇದು ನಿನಗೆ ಗೊತ್ತಿರುವ ಅನುಮಾನವಲ್ಲ" ಎಂಬ ಒಂದು ಸಾಲು ಬರೆಯಲು ಎಷ್ಟು ಶಾಯಿ ಬೇಕು?

ವಿಜಯನಗರದ ಕಾಲದ ವ್ಯಾಸತೀರ್ಥರು ನನಗೆ ಈ ವಿಚಾರದಲ್ಲಿ ಆಗಾಗ ನೆನಪಾಗುತ್ತಾರೆ. ಆನೆಗೊಂದಿಯ ನವಬೃಂದಾವನದಲ್ಲಿ ಇರುವವರು, 1539ರಲ್ಲಿ ಕಾಲವಾದವರು. ಸಂಸ್ಕೃತದಲ್ಲಿ 'ತರ್ಕತಾಂಡವ' ಎಂಬ ತರ್ಕದ ಗ್ರಂಥ ಬರೆದ ಅದೇ ಕೈಯಿಂದ ಕನ್ನಡದ 'ಕೃಷ್ಣಾ ನೀ ಬೇಗನೆ ಬಾರೋ' ಕೂಡ ಬಂತೆಂದು ನಾಡು ಹಾಡಿಕೊಂಡು ಬಂದಿದೆ. ಎರಡರ ಓದುಗರೂ ಬೇರೆ ಎಂದು ಅವರಿಗೆ ತಿಳಿದಿತ್ತು.

ಪದ ಬದಲಾದದ್ದರಿಂದ ನಿಜವಾಗಿ ನಷ್ಟವಾಯಿತು ಎಂದು ನನಗನ್ನಿಸುವುದು ಒಂದೇ ಕಡೆ: ಆಪ್ತ. ಶಬ್ದಪ್ರಮಾಣ ಎಂದರೆ ಆಪ್ತನ ಮಾತು, ಆಪ್ತ ಎಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವವನು. 'ಆಪ್ತಸ್ತು ಯಥಾರ್ಥವಕ್ತಾ', ಅಷ್ಟೇ ಲಕ್ಷಣ. ಅವನು ನಿಮಗೆ ಹತ್ತಿರದವನೇ ಆಗಬೇಕಿಲ್ಲ. ಕನ್ನಡದ ಆಪ್ತ ಹತ್ತಿರದವನು, ಸತ್ಯ ಹೇಳುವವನೇ ಆಗಬೇಕಿಲ್ಲ. ಮನೆಯ ವಾಟ್ಸ್ಆಪ್ ಗುಂಪಿನಲ್ಲಿ ದೊಡ್ಡಪ್ಪ ಕಳಿಸಿದ್ದನ್ನೆಲ್ಲ ನಾವು ನಂಬುವುದು ಈ ಎರಡನೆಯ ಆಪ್ತತೆಯ ಬಲದಿಂದ.

ಸೊಸೆಗೆ ಆ ರಾತ್ರಿ ಒಂದು ಗಂಟೆ ಹೊಗೆ-ಬೆಂಕಿಯ ಪಾಠ ಮಾಡಿದೆ. "ನಮ್ಮ ಅಡುಗೆಮನೆಯಲ್ಲಿ ಹೊಗೆಯೇ ಇಲ್ಲವಲ್ಲ ಮಾವ?" ಎಂದಳು. ಹೌದು, ಅವಳು ಹುಟ್ಟುವ ಹೊತ್ತಿಗೆ ಅವರ ಮನೆಯ ಒಲೆ ಬಚ್ಚಲಿಗೆ ಹೋಗಿತ್ತು.

ಹದಿನೈದು ದಿನದ ನಂತರ ಉತ್ತರ ಪತ್ರಿಕೆಯ ಫೋಟೋ ಕಳಿಸಿದಳು. "ಅನುಮಾನ ಎಂದರೆ ಇಲ್ಲಿ ಶಂಕೆಯಲ್ಲ, ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವುದು" ಎಂದು ಆರಂಭಿಸಿದ್ದಳು. ಹೊಗೆಯಿಂದ ಬೆಂಕಿಯನ್ನು ಹೇಳಬಹುದು, ಬೆಂಕಿಯಿಂದ ಹೊಗೆಯನ್ನು ಹೇಳಲಾಗದು ಎಂದು ಬರೆದು, ಅದಕ್ಕೆ ಉದಾಹರಣೆಯಾಗಿ ತನ್ನ ಮನೆಯ ಗ್ಯಾಸ್ ಒಲೆಯನ್ನು ಕೊಟ್ಟಿದ್ದಳು. ಹತ್ತಕ್ಕೆ ಐದು ಅಂಕ. 'ಗ್ಯಾಸ್ ಒಲೆ'ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಅಯೋಗೋಲಕ' ಎಂದು ತಿದ್ದಿದ್ದರು.

ಫೋಟೋದ ಕೆಳಗೆ ಅವಳ ಪ್ರಶ್ನೆ: "ಮಾವ, ಇದು ಯಾವ ಪ್ರಾಣಿ?"