ಬಣ್ಣ ಎಲ್ಲಿಂದ ಬಂತು ಅಂತಲೂ ಬರೆಯಿರಿ

ಕಲಾವಿದೆ ವಿಕ್ಟೋರಿಯಾ ವೆಸ್ನಾ ಮತ್ತು ಅಣುಗಳ ಮಟ್ಟದ ತೀರಾ ಸಣ್ಣ ವಸ್ತುಗಳನ್ನು ಅಭ್ಯಾಸ ಮಾಡುವ ನ್ಯಾನೋ ವಿಜ್ಞಾನಿ ಜೇಮ್ಸ್ ಗಿಮ್ಜೆವ್ಸ್ಕಿ ಸೇರಿ ಮಾಡಿದ 'ನ್ಯಾನೋಮಂಡಲ' ಎಂಬ ವೀಡಿಯೊ ಕಲಾಕೃತಿಯ ಬಗ್ಗೆ ನಿಮ್ಮ ಲೇಖನ ಓದಿ ಬಹಳ ಖುಷಿಯಾಯಿತು. ಒಂದು ಮರಳಿನ ಕಣದಿಂದ ಶುರುವಾಗಿ ಟಿಬೆಟನ್ ಭಿಕ್ಷುಗಳು ಬಣ್ಣದ ಮರಳಿನಲ್ಲಿ ಬಿಡಿಸಿದ ಇಡೀ ಮಂಡಲದವರೆಗೆ ಚಿತ್ರ ಹಿಗ್ಗುತ್ತಾ ಹೋಗುತ್ತದೆ, ಆ ವೀಡಿಯೊ ಬೀಳೋದೂ ಮರಳಿನ ಮೇಲೆಯೇ!

ಒಂದು ಮಾತು ಲೇಖನದಲ್ಲಿ ಬರಬೇಕಿತ್ತು. ಕಣವನ್ನು ಅಷ್ಟು ಹತ್ತಿರದಿಂದ ತೋರಿಸೋದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಬೆಳಕಿನ ಬದಲು ಎಲೆಕ್ಟ್ರಾನ್ ಬಳಸಿ ನೋಡುವ ಸಾಧನ. ಅದರ ಚಿತ್ರ ಕಪ್ಪು ಬಿಳುಪು. ಬಣ್ಣ ಆಮೇಲೆ ಹಾಕಿದ್ದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯೇ ಸುಮಾರು 400ರಿಂದ 700 ನ್ಯಾನೋಮೀಟರ್ ಉದ್ದ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ). ಅದಕ್ಕಿಂತ ಎಷ್ಟೋ ಸಣ್ಣದನ್ನು ಆ ಬೆಳಕಿನಲ್ಲಿ ನೋಡೋದು ಹೇಗೆ? ಕಾಸರಗೋಡಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇದು ಸಣ್ಣ ವಿಷಯ ಅಲ್ಲ. ಮಕ್ಕಳು ಚಿತ್ರ ನೋಡಿ ವೈರಸ್ ಕೆಂಪು ಅಂತಲೇ ನಂಬುತ್ತಾರೆ.

ಕಣ್ಣಿಗೆ ಕಾಣದ ಇಂಥ ಲೋಕ ನಮ್ಮ ಸುತ್ತಲೂ ಇದೆ. ಮಳೆಗಾಲದಲ್ಲಿ ತರಗತಿಗೆ ಕೆಸುವಿನ ಎಲೆ ತರುತ್ತೇನೆ, ಪತ್ರೊಡೆ ಮಾಡುವ ಎಲೆ. ನೀರು ಹಾಕಿದರೆ ಹನಿ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗೋದಿಲ್ಲ. ಮೇಲೆ ಮೇಣದ ತೀರಾ ಸಣ್ಣ ಹರಳುಗಳಿವೆ, ನಡುವೆ ಗಾಳಿ. ಹನಿ ಆ ಹರಳುಗಳ ತುದಿಗಳ ಮೇಲೇ ಕೂರುತ್ತದೆ. ನಮ್ಮಲ್ಲಿ ಯಕ್ಷಗಾನದ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟಿನ ಚುಟ್ಟಿ (ಮುಖದ ಮೇಲಿನ ಬಿಳಿ ಉಬ್ಬು ಚುಕ್ಕೆಗಳ ಅಲಂಕಾರ) ಇಡುವವರಿದ್ದಾರೆ. ಅವರನ್ನೂ ವಿಜ್ಞಾನಿಗಳನ್ನೂ ಒಟ್ಟಿಗೆ ಕೂರಿಸಿ ಆ ಮೇಣದ ಹರಳನ್ನು ಶಾಲೆಯ ಗೋಡೆಯಷ್ಟು ದೊಡ್ಡದಾಗಿ ಮಾಡಿಸಿದರೆ ಎಷ್ಟು ಚೆನ್ನಾಗಿರುತ್ತೆ, ಅಲ್ವಾ? ಕೆಳಗೆ ನಿಜವಾದ ಗಾತ್ರ ಎಷ್ಟು ಅಂತ ತೋರಿಸುವ ಅಳತೆಯ ಗೆರೆ, ಯಾವ ಬಣ್ಣ ಯಾಕೆ ಅನ್ನೋ ವಿವರ ಮಾತ್ರ ಇರಲೇಬೇಕು.