ಗುಡ್ಡದ ಸೈಕಲ್ಲಿಗೆ ಒಬ್ಬ ಶಾಸಕರು ಬೇಕಾಗಿದ್ದಾರೆ

ಭಾನುವಾರ ಬೆಳಗ್ಗೆ ಆರಕ್ಕೆ ಊರಂಚಿನ ಕಾಡಿನ ಗೇಟಿಗೆ ಮತ್ತೆ ಬೀಗ. ಪಕ್ಕದಲ್ಲಿ ಫಲಕ: ‘ಅತಿಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧ’. ಫಲಕದ ಹಿಂದೆ, ಮರಗಳಿಗೆ ಮೈ ಒತ್ತಿಕೊಂಡೇ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟ್. ಅದು ಅನುಮತಿ ಪಡೆದೇ ಬಂದಿರಬೇಕು, ಪಾಪ. ಬೆರಳಗಲದ ಗೆರೆ ಎಳೆದು ಹೋಗುವ ಸೈಕಲ್ಲಿಗೆ ಆ ಯೋಗ್ಯತೆ ಇಲ್ಲ.

ಚಹಾದಂಗಡಿಯಲ್ಲಿ, ಕಾಡು-ಗುಡ್ಡದ ಜಾಡಿನಲ್ಲಿ ಮೌಂಟನ್ ಬೈಕ್ ತುಳಿಯುವ ನಮ್ಮ ಸೈಕಲ್ ಬಳಗ ತುರ್ತು ಸಭೆ ಸೇರಿ ನಿರ್ಣಯ ಕೈಗೊಂಡಿತು: ಸ್ಥಳೀಯವಾಗಿ ರಾಜಕೀಯ ಪ್ರಭಾವ ಬೆಳೆಸಿಕೊಳ್ಳಬೇಕು. ಮೊದಲು ಕಾರ್ಪೊರೇಟರನ್ನು ಕಾಣೋಣ ಎಂದರು ಒಬ್ಬರು. ಯಾವ ಕಾರ್ಪೊರೇಟರ್ ಸ್ವಾಮಿ? ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೊನೆಯ ಕೌನ್ಸಿಲ್ 2020ರ ಸೆಪ್ಟೆಂಬರ್‌ನಲ್ಲೇ ಅವಧಿ ಮುಗಿಸಿ ಮನೆಗೆ ಹೋಯಿತು. ಚುನಾವಣೆ ಇಲ್ಲದೆ ವರ್ಷಗಳು ಉರುಳಿ, 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ದೇವರಿಲ್ಲದ ಗುಡಿಗೆ ಐದು ಗರ್ಭಗುಡಿ.

ಉಳಿದವರು ಶಾಸಕರು. ಅವರ ಆಪ್ತ ಸಹಾಯಕರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮವು ಎಷ್ಟು ವೋಟು?’ ನಾವು ಒಂಬತ್ತು ಜನ. ಆರು ಜನರ ಹೆಸರು ಇನ್ನೂ ಹುಟ್ಟೂರಿನ ಪಟ್ಟಿಯಲ್ಲಿದೆ. ಇಬ್ಬರು ಮತದಾನದ ದಿನ ರಜೆ ಸಿಕ್ಕಿತೆಂದು ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಕೊಡಗಿಗೆ ಹೋದವರು. ಲೆಕ್ಕಕ್ಕೆ ಸಿಕ್ಕಿದವನು ನಾನೊಬ್ಬ. ಅಣ್ಣಮ್ಮ ದೇವಿಯನ್ನು ಕೂರಿಸಿದ್ದೀರಾ, ಸಾಹೇಬರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿದ್ದೀರಾ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಮಾಡಿಸಿದ್ದೀರಾ? ಯಾವುದೂ ಇಲ್ಲ. ನಮ್ಮ ಬಳಿ ಇರುವುದು ಬೈಕಿಗಿಂತ ದುಬಾರಿಯಾದ, ಸ್ಟ್ಯಾಂಡ್ ಕೂಡ ಇಲ್ಲದ ಸೈಕಲ್ಲು ಮಾತ್ರ.

ನಾಯಕರಿಗೆ ಸೈಕಲ್ ಮೇಲೆ ಪ್ರೀತಿ ಇಲ್ಲವೆಂದಲ್ಲ. ಪೆಟ್ರೋಲ್ ಬೆಲೆ ಏರಲಿ, ವಿರೋಧ ಪಕ್ಷದಲ್ಲಿರಲಿ, ತಾನಾಗಿ ಉಕ್ಕುತ್ತದೆ. ಆಗ ಕಾರುಗಳೆಲ್ಲ ನಿಷ್ಠೆಯಿಂದ ಹಿಂದೆ ಬರುತ್ತವೆ, ಗನ್‌ಮ್ಯಾನ್ ಪಕ್ಕದಲ್ಲಿ ಓಡುತ್ತಾನೆ. 2025ರ ಜೂನ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ವಿಧಾನಸೌಧದ ಮೆಟ್ಟಿಲ ಬಳಿ ಸೈಕಲ್‌ನಿಂದ ಇಳಿಯುವಾಗ ಆಯ ತಪ್ಪಿ ಬಿದ್ದದ್ದನ್ನು ನೀವೂ ಮೊಬೈಲ್‌ನಲ್ಲಿ ನೋಡಿದ್ದೀರಿ. ನಾಡೆಲ್ಲ ನಕ್ಕಿತು, ನಾನು ನಗಲಿಲ್ಲ. ಬೀಳದೆ ಗುಡ್ಡದ ಸೈಕಲ್ ಕಲಿತವರಿಲ್ಲ. ನಮ್ಮ ಕಷ್ಟ ಸರ್ಕಾರದ ಮೊಣಕಾಲಿಗಾದರೂ ತಿಳಿಯಿತಲ್ಲ ಎಂದುಕೊಂಡೆ. ತಿಳಿದಂತಿಲ್ಲ.

ಬೆಂಗಳೂರಿನ ದಕ್ಷಿಣದಂಚಿನ ತುರಹಳ್ಳಿ ನೆನಪಿದೆಯಲ್ಲ? ಸೈಕಲ್ಲಿನವರು, ಬಂಡೆ ಹತ್ತುವವರು, ಹಕ್ಕಿ ನೋಡುವವರು ಎಲ್ಲರೂ ಎಡತಾಕುತ್ತಿದ್ದ ಕಾಡು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುತ್ತೇವೆ ಎಂದರು. ಕಾಡಿನೊಳಗೆ ವೃಕ್ಷೋದ್ಯಾನ! ಕೆರೆಯೊಳಗೆ ಈಜುಕೊಳ ತೋಡಿದ ಹಾಗೆ. ಕಾಡನ್ನು ಕಾಡಾಗಿಯೇ ಬಿಡಿ ಎಂದು ಕೇಳಲು ಹೆಂಗಸರು, ಮಕ್ಕಳು, ಮುದುಕರು ಫಲಕ ಹಿಡಿದು ನಿಲ್ಲಬೇಕಾಯಿತು. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಉಳಿದಿಲ್ಲ. ಏನನ್ನೂ ಕಟ್ಟಬೇಡಿ ಎಂಬ ಒಂದು ಮಾತನ್ನು ಈ ಊರಿನಲ್ಲಿ ಎಷ್ಟು ಸಲ, ಯಾರ ಯಾರ ಕಾಲು ಹಿಡಿದು ಹೇಳಬೇಕು? ಸಾಕಾಗಿದೆ. ಕಾಡಿಗೆ ನಮ್ಮಿಂದಲೂ ತೊಂದರೆಯಿದೆ, ಒಪ್ಪುತ್ತೇನೆ. ಮಳೆಗಾಲದಲ್ಲಿ ಬರಬೇಡಿ ಎನ್ನಲಿ, ಇಂಥದ್ದೇ ಜಾಡಿನಲ್ಲಿ ಹೋಗಿ ಎನ್ನಲಿ. ಬೀಗ ಹಾಕಿ ಸುಮ್ಮನಾಗುವುದಕ್ಕೆ ನಿಯಮವೆನ್ನುವುದಿಲ್ಲ.

ಅಂದ ಹಾಗೆ, ಆಪ್ತ ಸಹಾಯಕರು ಮೊನ್ನೆ ಫೋನ್ ಮಾಡಿದ್ದರು. ಸಾಹೇಬರು ಮನವಿಗೆ ಸ್ಪಂದಿಸಿದ್ದಾರಂತೆ. ‘ಜಾಡು ಎಲ್ಲಿದೆ ತೋರಿಸಿ ಸಾರ್, ಉದ್ದಕ್ಕೂ ಇಂಟರ್‌ಲಾಕ್ ಕಲ್ಲು ಹಾಕಿಸಿಬಿಡೋಣ, ಕೊನೆಯಲ್ಲೊಂದು ಕಮಾನು.’

ನನಗೆ ಜಾಡು ಗೊತ್ತಿಲ್ಲ ಎಂದುಬಿಟ್ಟೆ.