'ನಮ್ಮ ತಂದೆಯೇ' ಅನ್ನುವಷ್ಟರಲ್ಲಿ

ಪೆಂತೆಕೋಸ್ತ್ ಹಬ್ಬದ ಮರುದಿನ, ಸೋಮವಾರ ಬೆಳಿಗ್ಗೆ, ನಮ್ಮ ಬೀದಿಯ ಕ್ಯಾಥೊಲಿಕ್ ಚರ್ಚಿಗೆ ಬೀಗ ಹಾಕಿತ್ತು. ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. 'ಇವತ್ತು ಇಲ್ಲಿ ಬಲಿಪೂಜೆ (ಮಾಸ್) ಇಲ್ಲ, ಆಚೆ ಬೀದಿಯ ಪ್ರೊಟೆಸ್ಟೆಂಟ್ ಚರ್ಚಿಗೆ ಬನ್ನಿ' ಅಂತ. ನಾನು ಈಗ ಇರುವುದು ಜರ್ಮನಿಯ ಸ್ಯಾಕ್ಸನಿ ರಾಜ್ಯದಲ್ಲಿ. ಇಲ್ಲಿ ಆ ಸೋಮವಾರ ರಜೆ. ನಾನು ಹೊರಟಿದ್ದೂ ಆಚೆ ಬೀದಿಯ ಚರ್ಚಿಗೇ. ಆದರೂ ಹಾಳೆಯ ಮುಂದೆ ನಿಂತು ಎರಡು ಸಲ ಓದಿದೆ. ತಮ್ಮ ಚರ್ಚಿಗೆ ಬೀಗ ಹಾಕಿ ಇನ್ನೊಬ್ಬರ ಚರ್ಚಿಗೆ ಹೋಗಿ ಅಂತ ಫಾದರ್ ಒಬ್ಬರು ಹೇಳುತ್ತಾರೆ ಅಂದರೆ ನಂಬುವುದು ನನಗೆ ಕಷ್ಟ.

ಒಳಗೆ ಫಾದರ್ ಮತ್ತು ಅಲ್ಲಿನ ಮಹಿಳಾ ಪಾಸ್ಟರ್ ಅಕ್ಕಪಕ್ಕ ನಿಂತಿದ್ದರು. ಒಬ್ಬರು ವಾಕ್ಯ ಓದಿದರು, ಇನ್ನೊಬ್ಬರು ಪ್ರಸಂಗ ಮಾಡಿದರು. ಅದೆಲ್ಲ ಸರಿ. ಆದರೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಬಂದಾಗ ನನಗೆ ಗಂಟಲು ಕಟ್ಟಿತು. ಅಷ್ಟೂ ಜನ ಒಂದೇ ಮಾತುಗಳಲ್ಲಿ ಹೇಳಿದರು. ಶುರುವಿನಿಂದ ಆಮೆನ್‌ವರೆಗೆ ಒಬ್ಬರೂ ತಡವರಿಸಲಿಲ್ಲ.

ನನಗೆ ಆಗ ಅಜ್ಜಿಯ ಸಾವಿನ ದಿನ ನೆನಪಾಯಿತು.

ನಮ್ಮದು ಪ್ರೊಟೆಸ್ಟೆಂಟ್ ಮನೆ. ಅತ್ತಿಗೆ ಕ್ಯಾಥೊಲಿಕ್ ಮನೆಯವರು. ಅಜ್ಜಿಯನ್ನು ಹಾಲ್‌ನಲ್ಲಿ ಮಲಗಿಸಿದ್ದೆವು. ಎರಡೂ ಕಡೆಯವರು ಸುತ್ತ ನಿಂತಿದ್ದರು. ನಮ್ಮ ಪಾಸ್ಟರ್ ಅಯ್ಯನವರು ಕೈ ಎತ್ತಿದರು. ನಾವು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂದೆವು. ಅತ್ತಿಗೆಯ ಕಡೆಯವರು 'ಸ್ವರ್ಗದಲ್ಲಿರುವ ನಮ್ಮ ತಂದೆಯೇ' ಅಂದರು. ಅಷ್ಟು ಹೇಗೋ ಒಂದಕ್ಕೊಂದು ಸೇರಿಕೊಂಡಿತು. ಮುಂದಿನ ಸಾಲಿಗೇ ಡಿಕ್ಕಿ ಹೊಡೆಯಿತು. ನಾವು 'ನಿನ್ನ ನಾಮ' ಅಂದರೆ ಅವರು 'ನಿಮ್ಮ ನಾಮ'. ನಾವು ಜಾಸ್ತಿ ಜನ, ನಮ್ಮ ದನಿ ದೊಡ್ಡದು. ಅವರ ದನಿ ಇಳಿಯುತ್ತಾ ಹೋಗಿ ಬರೀ ತುಟಿ ಅಲ್ಲಾಡತೊಡಗಿತು. ಕೊನೆಯಲ್ಲಿ ಅವರು ಆಮೆನ್ ಅಂದು ನಿಲ್ಲಿಸಿದಾಗ ನಾವಿನ್ನೂ 'ರಾಜ್ಯವೂ ಬಲವೂ ಮಹಿಮೆಯೂ' ಅಂತ ಹೇಳುತ್ತಿದ್ದೆವು. ಅತ್ತಿಗೆಯ ಅಮ್ಮ ಕೈ ಮುಗಿದುಕೊಂಡೇ ತಲೆ ತಗ್ಗಿಸಿದ್ದರು. ಅಜ್ಜಿಯ ಕೊನೆಯ ದಿನಗಳಲ್ಲಿ ರಾತ್ರಿ ಹೊತ್ತು ಪಕ್ಕದಲ್ಲಿ ಕೂತಿದ್ದವರು ಅವರೇ. ಅವತ್ತು ಆ ಮನೆಯಲ್ಲಿ ಅವರಿಗೆ ಪ್ರಾರ್ಥನೆ ಮಾಡುವುದಕ್ಕೂ ಜಾಗ ಇರಲಿಲ್ಲ.

ಯಾರೂ ಬೇಕಂತ ಮಾಡಿದ್ದಲ್ಲ. ಅದೇ ನನಗೆ ಜಾಸ್ತಿ ನೋವು.

ಇಲ್ಲಿನವರು ಹುಟ್ಟಿನಿಂದಲೇ ಒಳ್ಳೆಯವರು ಅಂತಲ್ಲ. ಧರ್ಮದ ಹೆಸರಿನಲ್ಲಿ ಇವರು ಬಡಿದಾಡಿಕೊಂಡಷ್ಟು ನಾವು ಯಾವತ್ತೂ ಬಡಿದಾಡಿಲ್ಲ. 1618ರಿಂದ 1648ರವರೆಗಿನ ಮೂವತ್ತು ವರ್ಷದ ಯುದ್ಧ ನಡೆದದ್ದು ಇದೇ ನೆಲದಲ್ಲಿ. ಪ್ರಾರ್ಥನೆಯ ಮಾತುಗಳೂ ಮೊದಲು ಬೇರೆಬೇರೆಯೇ ಇದ್ದವು. 1970ರ ಸುಮಾರಿಗೆ ಎರಡೂ ಕಡೆಯವರು ಕೂತು ಜರ್ಮನ್ ಭಾಷೆಗೆ ಒಂದೇ ಪಠ್ಯ ಮಾಡಿಕೊಂಡರು. ಕೂತು ಮಾಡಿದ ಕೆಲಸ ಅದು, ತಾನಾಗಿ ಆದದ್ದಲ್ಲ. ನಮ್ಮಲ್ಲಿ ಯಾಕೆ ಯಾರೂ ಕೂರುವುದಿಲ್ಲ? ಬೈಬಲಿನ ಒಂದೇ ಹೆಸರು ಒಂದು ಕಡೆ ಯೋಹಾನ, ಇನ್ನೊಂದು ಕಡೆ ಯೊವಾನ್ನ. ರೊಟ್ಟಿ, ದ್ರಾಕ್ಷಾರಸದ ಒಂದೇ ವಿಧಿ ಒಂದು ಕಡೆ ಕರ್ತನ ಭೋಜನ, ಇನ್ನೊಂದು ಕಡೆ ಪರಮಪ್ರಸಾದ. ಅದೆಲ್ಲ ಇರಲಿ. ಆದರೆ ಯೇಸು ತಾನೇ ಕಲಿಸಿದ ಒಂದು ಪ್ರಾರ್ಥನೆಯನ್ನಾದರೂ ಸಾವಿನ ಮನೆಯಲ್ಲಿ ಒಟ್ಟಿಗೆ ಹೇಳುವ ಹಾಗಿರಬೇಕು, ಅಲ್ವಾ?

ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಬೌಟ್ಸನ್ ಅನ್ನುವ ಊರು. ಅಲ್ಲಿನ ಸಂತ ಪೇತ್ರರ ಕೆಥೀಡ್ರಲನ್ನು 1524ರಿಂದ ಕ್ಯಾಥೊಲಿಕರು ಮತ್ತು ಲೂಥರನ್ನರು (ಪ್ರೊಟೆಸ್ಟೆಂಟರ ಒಂದು ಪಂಗಡ) ಹಂಚಿಕೊಂಡಿದ್ದಾರೆ. ಒಂದೇ ಸೂರು, ಎರಡು ವೇದಿ. ಕ್ಯಾಥೊಲಿಕರದು ಮುಂದಿನ ಭಾಗ, ಲೂಥರನ್ನರದು ಹಿಂದಿನ ಭಾಗ. ನಡುವೆ ಒಂದು ತಡೆ. ಒಂದು ಕಾಲದಲ್ಲಿ ಅದು ಆಳೆತ್ತರಕ್ಕಿಂತ ಜಾಸ್ತಿ ಇತ್ತಂತೆ. ಈಗ ಸೊಂಟದ ಮಟ್ಟ. ನಾನು ಅದರ ಮೇಲೆ ಕೈಯಿಟ್ಟು ಸುಮ್ನೆ ನಿಂತಿದ್ದೆ. ಆ ಕಡೆ ಒಬ್ಬರು ಹೂವು ಜೋಡಿಸುತ್ತಿದ್ದರು. ತಲೆಯೆತ್ತಿ ನೋಡಿ ನಕ್ಕರು. ತಡೆ ಇನ್ನೂ ಇದೆ, ತೆಗೆದಿಲ್ಲ. ಆದರೆ ಮುಖ ಕಾಣಿಸುತ್ತದೆ. ನನಗೆ ಬೇಕಿರುವುದೂ ಅಷ್ಟೇ. ಎಲ್ಲರೂ ಒಂದೇ ಸಭೆ, ಅಂದರೆ ಒಂದೇ ಪಂಗಡವಾಗಿ ಅಂತ ನಾನು ಕೇಳುತ್ತಿಲ್ಲ.

ಅಣ್ಣನ ಮದುವೆ ಅತ್ತಿಗೆಯ ಚರ್ಚಿನಲ್ಲಿ ಆಯಿತು. ನಮ್ಮ ದೊಡ್ಡಪ್ಪ ಒಳಗೆ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಇತ್ತೀಚೆಗೆ ಶುರುವಾದ ಒಂದು ಸಭೆಯವರು ನಮ್ಮನ್ನೂ ಅತ್ತಿಗೆಯವರನ್ನೂ ಸೇರಿಸಿ ಹೆಸರಿಗೆ ಮಾತ್ರ ಕ್ರೈಸ್ತರು ಅನ್ನುತ್ತಾರೆ. ಅವರಲ್ಲಿಗೆ ಹೋದರೆ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸಿಕೊಳ್ಳಬೇಕು. ಜರ್ಮನಿಯಲ್ಲಿ 2007ರ ಏಪ್ರಿಲ್‌ನಲ್ಲಿ ಮಾಗ್ಡೆಬುರ್ಗ್ ಕೆಥೀಡ್ರಲಿನಲ್ಲಿ ಹನ್ನೊಂದು ಸಭೆಗಳು ಒಬ್ಬರ ದೀಕ್ಷಾಸ್ನಾನವನ್ನು ಇನ್ನೊಬ್ಬರು ಒಪ್ಪುತ್ತೇವೆ ಅಂತ ಸಹಿ ಹಾಕಿದವು. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಆರ್ಥೊಡಾಕ್ಸ್‌ನವರು ಎಲ್ಲ ಅದರಲ್ಲಿದ್ದರು. ಮಕ್ಕಳ ದೀಕ್ಷಾಸ್ನಾನ ಒಪ್ಪದ ಬ್ಯಾಪ್ಟಿಸ್ಟರು ಸಹಿ ಹಾಕಲಿಲ್ಲ. ಹಾಕಲಿಲ್ಲ ಅಂತ ಅವರನ್ನು ಯಾರೂ ದೂರ ಇಟ್ಟೂ ಇಲ್ಲ.

ಇದನ್ನೆಲ್ಲ ಮೊನ್ನೆ ಆ ಪಾಸ್ಟರ್ ಹತ್ತಿರ ಹೇಳಿಕೊಂಡೆ. ಅವರು ಪೂರ್ತಿ ಕೇಳಿ, "ನಿಮ್ಮದು ಸಿಎಸ್ಐ, ಚರ್ಚ್ ಆಫ್ ಸೌತ್ ಇಂಡಿಯಾ ಸಭೆ ಅಲ್ಲವೇ?" ಅಂದರು. ಹೌದು ಅಂದೆ. "ನಾವು ಕಾಲೇಜಿನಲ್ಲಿ ಅದನ್ನು ಓದಿದ್ದೇವೆ" ಅಂದರು.

ಆಮೇಲೆ ಮನೆಗೆ ಬಂದು ಯೋಚಿಸಿದೆ. 1947ರ ಸೆಪ್ಟೆಂಬರ್ 27, ಮದ್ರಾಸು. ಸ್ವಾತಂತ್ರ್ಯ ಬಂದು ಆರು ವಾರ. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಸಿಎಸ್ಐ ಅನ್ನುವ ಒಂದೇ ಸಭೆಯಾದವು. ಬಿಷಪ್ ಇರುವವರೂ ಬಿಷಪ್ ಬೇಡ ಅನ್ನುವವರೂ ಒಂದಾಗಿದ್ದು ಸಣ್ಣ ವಿಷಯವಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಗಿ ಇಪ್ಪತ್ತೆಂಟು ವರ್ಷ ಹಿಡಿಯಿತು. ಅದಕ್ಕಾಗಿ ದುಡಿದ ಬಿಷಪ್ ಅಜರಯ್ಯ 1945ರ ಜನವರಿ 1ರಂದು ತೀರಿಕೊಂಡರು, ಕಣ್ಣಾರೆ ನೋಡಲಿಲ್ಲ. ಯುರೋಪಿನ ಲೂಥರನ್, ರಿಫಾರ್ಮ್ಡ್ ಸಭೆಗಳು ಒಬ್ಬರ ಕರ್ತನ ಭೋಜನದಲ್ಲಿ ಇನ್ನೊಬ್ಬರು ಪಾಲು ತೆಗೆದುಕೊಳ್ಳಬಹುದು ಅಂತ ಸ್ವಿಟ್ಜರ್ಲೆಂಡಿನ ಲಾಯಿನ್‌ಬೆರ್ಗ್‌ನಲ್ಲಿ ಒಪ್ಪಿಕೊಂಡದ್ದು 1973ರಲ್ಲಿ. ನಮ್ಮವರು ಅದಕ್ಕಿಂತ ಇಪ್ಪತ್ತಾರು ವರ್ಷ ಮುಂದಿದ್ದರು. ನಾನು ಹುಟ್ಟಿದಾಗಿನಿಂದ ಅದೇ ಸಭೆಯಲ್ಲಿದ್ದೂ ಇದನ್ನು ಯಾವತ್ತೂ ದೊಡ್ಡದು ಅಂದುಕೊಂಡಿರಲಿಲ್ಲ.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಆ ಸೋಮವಾರ ಎರಡು ಚರ್ಚಿನವರು ಸೇರಿದರೂ ಅರ್ಧ ಬೆಂಚು ಖಾಲಿ ಇತ್ತು. ಸ್ಯಾಕ್ಸನಿಯಲ್ಲಿ ಹೆಚ್ಚಿನವರು ಯಾವ ಸಭೆಗೂ ಸೇರಿದವರಲ್ಲ. ಜನ ಕಡಿಮೆಯಾದಾಗ ಹತ್ತಿರ ಕೂರುವುದು ಸುಲಭ ಇರಬಹುದು. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಂದೇ ಪರಮಪ್ರಸಾದ ತೆಗೆದುಕೊಳ್ಳುವುದು ಇಲ್ಲಿಯೂ ನಿಯಮದ ಪ್ರಕಾರ ಆಗುವುದಿಲ್ಲ. ಅವತ್ತೂ ಆಗಲಿಲ್ಲ, ಬರೀ ವಾಕ್ಯ ಮತ್ತು ಪ್ರಾರ್ಥನೆ. ಊರಿನ ತುಂಬಿದ ಚರ್ಚು, ಜಾಗವಿಲ್ಲದೆ ಹೊರಗೆ ನಿಂತ ಜನ ನೆನಪಾದರೆ ನನಗೆ ಇಲ್ಲಿ ಕೂರಲು ಮನಸ್ಸಾಗುವುದಿಲ್ಲ. ಮತ್ತೆ ದೊಡ್ಡಪ್ಪನ ವಿಷಯ. ಅವರು ಆ ಮೆಟ್ಟಿಲ ಮೇಲೆ ಪೂರ್ತಿ ಮದುವೆ ಮುಗಿಯುವವರೆಗೂ ಕೂತಿದ್ದರು. ಎದ್ದು ಮನೆಗೆ ಹೋಗಲಿಲ್ಲ.

ಕಳೆದ ವಾರ ಅತ್ತಿಗೆಗೆ ಫೋನ್ ಮಾಡಿ ಅವರ ಪ್ರಾರ್ಥನೆಯನ್ನು ಬರೆದು ಕಳಿಸಲು ಕೇಳಿದೆ. "ಯಾಕೆ?" ಅಂದರು. ಡಿಸೆಂಬರಿನಲ್ಲಿ ಬಂದಾಗ ನಿಮ್ಮ ಅಮ್ಮನ ಜೊತೆ ಕೂತು ಹೇಳಬೇಕು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ರಾತ್ರಿ ಕೈಯಲ್ಲಿ ಬರೆದ ಹಾಳೆಯ ಫೋಟೊ ಬಂತು. ಈಗ ದಿನಾ ಟ್ರಾಮಿನಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೇನೆ. ಸ್ವರ್ಗ ಅನ್ನುವುದು ಬೇಗ ಕೂತಿತು. ಮುಂದಿನ ಸಾಲಿಗೆ ಬಂದಾಗ ಮಾತ್ರ ಇನ್ನೂ 'ನಿನ್ನ' ಅಂತಲೇ ಬಂದುಬಿಡುತ್ತದೆ.